ಅವ್ವನ ಸಮಾಧಿಯ ಮೇಲಿನ ಸಾಲು

ಮಂಗಳೂರು
೯ ಜೂನ್ ೨೦೨೫

ಅಪ್ಪಾ,

ಇದು ನಾಲ್ಕನೆಯ ಕಾಗದ. ಮೊದಲಿನ ಮೂರಕ್ಕೆ ನೀವು ಉತ್ತರ ಕೊಟ್ಟಿಲ್ಲ, ಫೋನನ್ನಂತೂ ಎತ್ತುವುದೇ ಇಲ್ಲ. ಮತ್ತೆ ಬರೆಯಬಾರದು ಎಂದುಕೊಂಡಿದ್ದೆ. ಆದರೆ ಪುಣೆಯಿಂದ ನಮ್ಮ ಚರ್ಚ್ ಸಭೆಯ ಕಾರ್ಯದರ್ಶಿ ಕಿಶೋರಣ್ಣ ಫೋನ್ ಮಾಡಿ, ನಿಮ್ಮ ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿಗೂ ಪೊರೆ ಬಂದಿದೆ ಎಂದರು. ಹಾಗಾದರೆ ಇದನ್ನು ಯಾರೋ ನಿಮಗೆ ಓದಿ ಹೇಳುತ್ತಿದ್ದಾರೆ. ಅವರಿಗೆ ನನ್ನ ನಮಸ್ಕಾರ.

ಮೂರು ವರ್ಷದ ಹಿಂದಿನ ಆ ಭಾನುವಾರವನ್ನು ನಾನು ದಿನವೂ ನೆನೆಯುತ್ತೇನೆ. ನೀವು ಮೂವತ್ತು ವರ್ಷ ಸಭಾಪಾಲಕರಾಗಿದ್ದ ಪುಣೆಯ ಕನ್ನಡ ಸಭೆ. ಮಗಳು ಕಾಲೇಜಿನಲ್ಲಿ ಹೊಸ ಒಡಂಬಡಿಕೆ ಕಲಿಸುತ್ತಾಳೆ, ಆರಾಧನೆಯಲ್ಲಿ ಒಂದು ಪ್ರಸಂಗ ಮಾಡಲಿ ಎಂದು ನೀವೇ ಹೆಮ್ಮೆಯಿಂದ ನನ್ನನ್ನು ನಿಲ್ಲಿಸಿದಿರಿ. ನಾನು ಪೌಲ ಅಂದಿನ ಸಭೆಗಳಿಗೆ ಬರೆದ ಕಾಗದಗಳು, ವೇದಪುಸ್ತಕದ ಆ ಪತ್ರಿಕೆಗಳು, ಹೇಗೆ ಹುಟ್ಟಿದವು ಎಂದು ಹೇಳುತ್ತಾ ಹೋದೆ. ತಿಮೊಥೆಯನಿಗೆ ಬರೆದ ಎರಡು ಪತ್ರಿಕೆಗಳು ಪೌಲನ ಕೈಯವಲ್ಲ, ಅವನು ತೀರಿಕೊಂಡ ಮೇಲೆ ಶಿಷ್ಯನೊಬ್ಬ ಗುರುವಿನ ಹೆಸರಿನಲ್ಲಿ ಬರೆದಿರಬೇಕು ಎಂದು ಬಹಳ ವಿದ್ವಾಂಸರು ಹೇಳುತ್ತಾರೆ ಎಂದೆ. ಅದು ಮೋಸವಲ್ಲ, ಗುರು ಬದುಕಿದ್ದರೆ ಏನು ಹೇಳುತ್ತಿದ್ದರೋ ಅದನ್ನು ಪ್ರೀತಿಯಿಂದ ಬರೆಯುವುದು ಆ ಕಾಲದ ರೂಢಿ ಎಂದೂ ಹೇಳುವುದರಲ್ಲಿದ್ದೆ. ಅಷ್ಟರಲ್ಲಿ ನೀವು ಎದ್ದು ನಿಂತಿರಿ.

"ಹಂಗಾದ್ರ ನಿಮ್ಮವ್ವನ ಸಮಾಧಿ ಮ್ಯಾಲೆ ನಾ ಸುಳ್ಳು ಕೆತ್ತಿಸೇನಿ ಅಂತೀಯೇನು?"

ಇಡೀ ಸಭೆ ತಿರುಗಿ ನೋಡಿತು. ನೀವು ಹೊರಗೆ ನಡೆದಿರಿ. ಅವ್ವನ ಕಲ್ಲಿನ ಮೇಲೆ ಇರುವುದು ತಿಮೊಥೆಯನ ಪತ್ರಿಕೆಯ ಮಾತು, ಓಟ ಮುಗಿಸಿದೆ, ನಂಬಿಕೆ ಉಳಿಸಿಕೊಂಡೆ ಎನ್ನುವ ಸಾಲು. ಅವ್ವ ಅದನ್ನೇ ಹೇಳುತ್ತಾ ಕಣ್ಣು ಮುಚ್ಚಿದಳು ಎಂದು ನೀವು ಮಣ್ಣು ಕೊಡುವ ದಿನ ಹೇಳಿದ್ದಿರಿ. ಪ್ರಸಂಗ ಬರೆಯುವಾಗ ನನಗೆ ಅದು ಹೊಳೆಯಲೇ ಇಲ್ಲ, ಅಪ್ಪಾ. ದೇವರಾಣೆ ಹೊಳೆಯಲಿಲ್ಲ.

ಕಲಿತದ್ದನ್ನು ಸುಳ್ಳು ಎನ್ನಲಾರೆ. ಆ ಜಾಗದಲ್ಲಿ, ನಿಮ್ಮೆದುರು ಹಾಗೆ ಹೇಳಿದ್ದಕ್ಕೆ ಕ್ಷಮೆ ಕೇಳುತ್ತೇನೆ. ನನಗೆ ಬೇಕಾದದ್ದು ಒಂದೇ ಮಾತು. ನಾನು ಮನೆಗೆ ಬರಬಹುದೇ? ನೀವು ಕರೆಯದೆ ಬಂದರೆ ನೀವು ಮತ್ತೆ ಎದ್ದು ಹೋಗುತ್ತೀರಿ ಎಂದು ನನಗೆ ಹೆದರಿಕೆ.

ನಿಮ್ಮ
ಸ್ನೇಹಲ್


ಕಾತ್ರಜ, ಪುಣೆ
೨೨ ಜುಲೈ ೨೦೨೫

ಕುಮಾರಿ ಸ್ನೇಹಲ್‌ಗೆ,

ನಿನ್ನ ನಾಲ್ಕು ಕಾಗದಗಳೂ ತಲುಪಿವೆ. ಪಕ್ಕದ ಮನೆಯ ಪಾರವ್ವ ಟೀಚರ್ ಓದಿ ಹೇಳಿದರು. ಇದನ್ನು ನಾನು ಹೇಳಿದಂತೆ ಅವರೇ ಬರೆಯುತ್ತಿದ್ದಾರೆ. ಬರುವ ಸೋಮವಾರ ನನ್ನ ಬಲಗಣ್ಣಿನ ಪೊರೆ ತೆಗೆಯುತ್ತಾರೆ. ಕಾಣುತ್ತದೋ ಇಲ್ಲವೋ ಕರ್ತನಿಗೆ ಗೊತ್ತು.

ನೀನು ಕಲಿತವಳು, ನಾನು ಹಳೆಯ ಕಾಲದವನು. ಆದರೂ ಒಂದು ಮಾತು ಹೇಳುತ್ತೇನೆ. ಒಬ್ಬರು ಆಡದ ಮಾತನ್ನು ಅವರು ಆಡಿದರು ಎಂದು ಬರೆದವನು ಯಾವ ಕಾಲದವನಾದರೂ ಸುಳ್ಳುಗಾರನೇ. ಅದಕ್ಕೆ ರೂಢಿ ಎಂದು ಹೆಸರಿಡಬೇಡ. ಮಂದಿಯ ಮುಂದೆ ನನ್ನ ತಲೆ ತಗ್ಗಿಸಿದೆ. ಅದನ್ನು ನಾನು ಮರೆತಿಲ್ಲ.

ದೇವರಿಗೆ ಸ್ತೋತ್ರ. ನಿನ್ನನ್ನು ನೆನೆದಾಗಲೆಲ್ಲ ನಿನಗಾಗಿ ಆತನನ್ನು ಕೊಂಡಾಡುತ್ತೇನೆ. ಪಟ್ಟಿ ಬಿಚ್ಚಿ ನಾಲ್ಕು ದಿನವಾಯಿತು. ಕಿಟಕಿಯ ಬೆಳಕು ಬೆಳಕಾಗಿ ಕಾಣುತ್ತದೆ, ಅಕ್ಷರ ಮಾತ್ರ ಕಾಣುವುದಿಲ್ಲ. ನೀನು ಚಿಕ್ಕವಳಿದ್ದಾಗ ಸ್ಕೂಟರಿನ ಮುಂದೆ ನಿಂತು, ಸ್ವಾರಗೇಟಿನಿಂದ ಮನೆಯವರೆಗೆ ಬಾಯಿಪಾಠದ ವಚನ ಕೂಗಿ ಹೇಳುತ್ತಿದ್ದೆ. ಸಿಗ್ನಲಿನಲ್ಲಿ ನಿಂತ ಮಂದಿಯೆಲ್ಲ ನಗುತ್ತಿದ್ದರು. ಆ ದನಿ ಈ ಮನೆಯಲ್ಲಿ ಇಲ್ಲ.

ಬಾ. ದಸರೆಯ ರಜೆಯವರೆಗೆ ಕಾಯಬೇಡ.

ದೇವಪುತ್ರಪ್ಪ
(ಸಹಿ ನನ್ನ ಕೈಯದು)


ಮಂಗಳೂರು
೩೦ ಜುಲೈ ೨೦೨೫

ಪಾರವ್ವ ಟೀಚರಿಗೆ ನಮಸ್ಕಾರಗಳು.

ನಾವು ಒಬ್ಬರನ್ನೊಬ್ಬರು ನೋಡಿಲ್ಲ. ನಾನು ಮನೆ ಬಿಟ್ಟ ಮೇಲೆ ನೀವು ಪಕ್ಕದ ಮನೆಗೆ ಬಂದಿರಿ. ಅಪ್ಪನಿಗೆ ದಿನಾ ಪೇಪರು, ವೇದಪುಸ್ತಕ ಓದಿ ಹೇಳುತ್ತೀರಿ ಎಂದು ಕಿಶೋರಣ್ಣ ಹೇಳಿದರು. ಅದಕ್ಕೆ ನಾನು ನಿಮಗೆ ಋಣಿ. ಆದರೂ ಈ ಕಾಗದ ಸ್ವಲ್ಪ ಕಟುವಾಗಿಯೇ ಇರುತ್ತದೆ.

ಅಪ್ಪನ ಕಾಗದ ಕೈಗೆ ಬಂದಾಗ ಅತ್ತೆ. ಟಿಕೆಟ್ ತೆಗೆಯಲು ಕೂತೆ. ತೆಗೆಯುವ ಮೊದಲು ಇನ್ನೊಮ್ಮೆ ಓದಿದೆ. ಆಮೇಲೆ ಓದಬಾರದಿತ್ತು ಅನ್ನಿಸಿತು.

ಎಂಟು ವರ್ಷದಿಂದ ನನ್ನ ಕಸುಬೇ ಇದು. ಪೌಲನ ಪತ್ರಿಕೆಗೆ ಒಂದು ಕ್ರಮವಿದೆ. ಬರೆಯುವವರ ಹೆಸರು, ಯಾರಿಗೆ ಎಂಬುದು, ದೇವರಿಗೆ ಸ್ತೋತ್ರ, ಆಮೇಲೆ ವಿಷಯ, ಕೊನೆಗೆ ವಂದನೆ. ಗಲಾತ್ಯದವರ ಮೇಲೆ ಮಾತ್ರ ಅವನಿಗೆ ಎಷ್ಟು ಸಿಟ್ಟೆಂದರೆ ಸ್ತೋತ್ರವನ್ನೇ ಬಿಟ್ಟು ನೇರ ಬೈಗುಳಕ್ಕೆ ಇಳಿಯುತ್ತಾನೆ. ನಾನು ಹಾಸ್ಟೆಲಿನಲ್ಲಿದ್ದಾಗ ಅಪ್ಪ ಬರೆದ ಪ್ರತಿ ಕಾಗದವೂ ಇದೇ ಕ್ರಮದಲ್ಲಿತ್ತು. ಈ ಕಾಗದದಲ್ಲಿ ಸ್ತೋತ್ರ ಮಧ್ಯದಲ್ಲಿದೆ. ಸ್ತೋತ್ರ ಮಧ್ಯದಲ್ಲಿ ಬಂದರೆ ಅಲ್ಲಿಂದ ಬೇರೊಂದು ಕಾಗದ ಶುರುವಾಯಿತೇ ಎಂದು ನಾನು ವಿದ್ಯಾರ್ಥಿಗಳಿಗೆ ಕೇಳಲು ಕಲಿಸುತ್ತೇನೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯನ್ನೂ ಹಾಗೆಯೇ ಓದುತ್ತೇವೆ. ಒಂಬತ್ತು ಅಧ್ಯಾಯ ಸಮಾಧಾನದಿಂದ ಮಾತಾಡಿದವನು ಹತ್ತನೆಯದರಲ್ಲಿ ಇದ್ದಕ್ಕಿದ್ದಂತೆ ಕೆಂಡವಾಗುತ್ತಾನೆ. ಅವು ಬೇರೆ ಬೇರೆ ಕಾಗದಗಳು, ಯಾರೋ ಒಂದಕ್ಕೊಂದು ಸೇರಿಸಿ ಹೊಲಿದಿದ್ದಾರೆ ಎಂದು ಬಹಳ ಮಂದಿ ನಂಬುತ್ತಾರೆ.

ಇಷ್ಟೇ ಆಗಿದ್ದರೆ ನನ್ನ ಭ್ರಮೆ ಎನ್ನಬಹುದಿತ್ತು. ಆದರೆ ಮೇಲಿನ ಅರ್ಧದಲ್ಲಿ ಕಣ್ಣಿನ ಆಪರೇಷನ್ ಬರುವ ಸೋಮವಾರ. ಕೆಳಗಿನ ಅರ್ಧದಲ್ಲಿ ಪಟ್ಟಿ ಬಿಚ್ಚಿ ನಾಲ್ಕು ದಿನವಾಗಿದೆ.

ಟೀಚರ್, ಇದರಲ್ಲಿ ಅಪ್ಪ ಹೇಳಿದ್ದು ಯಾವುದು, ನೀವು ಬರೆದದ್ದು ಯಾವುದು? "ಬಾ" ಎಂದದ್ದು ಯಾರು? ನಿಜ ಹೇಳುವವರೆಗೆ ನಾನು ಟಿಕೆಟ್ ತೆಗೆಯುವುದಿಲ್ಲ.

ಇತಿ,
ಸ್ನೇಹಲ್


ಕಾತ್ರಜ
೯ ಆಗಸ್ಟ್ ೨೦೨೫

ಸ್ನೇಹಲ್‌ಗೆ ಪಾರವ್ವನ ಆಶೀರ್ವಾದ.

ನಲವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳ ಕಾಪಿ ಹಿಡಿದವಳು ನಾನು. ಈಗ ನಾನೇ ಸಿಕ್ಕಿಬಿದ್ದೆ. ಕಣ್ಣಿನ ವಿಷಯ ತೆಗೆಯುವುದು ಮರೆತುಬಿಟ್ಟೆನಲ್ಲ, ನನ್ನ ಬುದ್ಧಿಗಿಷ್ಟು! ಸ್ತೋತ್ರ ಎಲ್ಲಿ ಬರಬೇಕು ಎಂಬುದಂತೂ ನನಗೆ ಗೊತ್ತೇ ಇರಲಿಲ್ಲ. ವಿಭೂತಿ ಹಚ್ಚುವ ಹಣೆ ನನ್ನದು. ನಿಮ್ಮ ಪೌಲನನ್ನು ಈ ಎರಡು ವರ್ಷದಲ್ಲಿ ಓದಿ ಹೇಳಿ ಹೇಳಿಯೇ ಕಂಡದ್ದು. ಒಮ್ಮೆ ನಿಮ್ಮ ತಂದೆಗೆ ಅಂದೆ, "ಪಾದ್ರಿಸಾಹೇಬ್ರ, ನಿಮ್ಮ ಪೌಲ ಭಾಳ ಸಿಟ್ಟಿನ ಮನಷ್ಯಾ ಬಿಡ್ರಿ." "ಸಿಟ್ಟು ಇದ್ದಲ್ಲೇ ಪ್ರೀತಿನೂ ಇರ್ತದ್ರಿ ಟೀಚರ್" ಎಂದರು. ಆ ಮಾತು ನನ್ನ ತಲೆಯಲ್ಲಿ ಕೂತಿತು. ಅದೇ ನನ್ನನ್ನು ಕೆಡಿಸಿತು ಎನ್ನು.

ನಡೆದದ್ದು ಹೀಗೆ. ನಿನ್ನ ಕಾಗದ ಬಂದ ಮೇಲೆ ಅವರು ನನ್ನನ್ನು ಐದು ಸಲ ಕೂರಿಸಿ ಐದು ಉತ್ತರ ಬರೆಸಿದರು. ಮೊದಲ ನಾಲ್ಕನ್ನು ಅಂಚೆಗೆ ಹಾಕಗೊಡಲಿಲ್ಲ, "ಇದು ಬ್ಯಾಡ, ಹರೀರಿ" ಎನ್ನುತ್ತಿದ್ದರು. ಒಂದೊಂದರಲ್ಲೂ ಎರಡು ಸಾಲು ಬಂಗಾರ, ಉಳಿದದ್ದು ಬೆಂಕಿ. ನಾನು ಹರಿಯಲಿಲ್ಲ, ಮನೆಗೆ ಒಯ್ದು ಇಟ್ಟುಕೊಂಡೆ. ಐದನೆಯದಕ್ಕೆ ಮಾತ್ರ ಸಹಿ ಮಾಡಲು ಒಪ್ಪಿದರು. ನಾನು ಒಂದು ಖಾಲಿ ಹಾಳೆಯ ಕೆಳತುದಿಯಲ್ಲಿ ಅವರ ಕೈ ಇಟ್ಟು ಸಹಿ ಮಾಡಿಸಿದೆ. ಆಮೇಲೆ ಮನೆಗೆ ಬಂದು ಮೊದಲನೆಯದರಿಂದ ಸಿಟ್ಟು, ನಾಲ್ಕನೆಯದರಿಂದ ಸ್ತೋತ್ರ, ಐದನೆಯದರಿಂದ ಸ್ಕೂಟರು, ಹೀಗೆ ತೆಗೆದು ಹೊಲಿದೆ. ಸಿಟ್ಟನ್ನು ಯಾಕೆ ಇಟ್ಟೆ ಎಂದರೆ, ಬರೀ ಸಿಹಿ ಇದ್ದರೆ ನೀನು ನಂಬುತ್ತಿರಲಿಲ್ಲ.

ಸುಳ್ಳು ಹೇಳುವುದಿಲ್ಲ. ಎಲ್ಲ ಮಾತೂ ಅವರದೇ. ಕೊನೆಯ ಸಾಲು ನನ್ನದು. ಐದು ಕಾಗದದ ಕೊನೆಗೂ ಅವರು ಹೇಳಿದ್ದು "ಬರಬ್ಯಾಡ ಅಂತ ಬರೀರಿ" ಎಂದೇ. ಪ್ರತಿ ಸಲ ಅದನ್ನು ಹೇಳಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ನಾನು ಬಾಗಿಲು ಎಳೆದುಕೊಂಡು ಬರುವಾಗ ಅವರು ಅಳುವುದು ಕೇಳುತ್ತಿತ್ತು. ಅಂಥವರ ಹೆಸರಿನಲ್ಲಿ "ಬರಬೇಡ" ಎಂದು ಬರೆಯಲು ನನ್ನ ಕೈ ಏಳಲಿಲ್ಲ.

ಇನ್ನು ನಿನಗೊಂದು ಕೇಳುತ್ತೇನೆ, ಸಿಟ್ಟಾಗಬೇಡ. ನಿನ್ನ ಕಾಗದವನ್ನು ಓದಿದವಳು ನಾನೇ. ಗುರು ಏನು ಹೇಳುತ್ತಿದ್ದರೋ ಅದನ್ನು ಪ್ರೀತಿಯಿಂದ ಬರೆಯುವುದು ಮೋಸವಲ್ಲ ಎಂದು ನೀನೇ ಬರೆದಿದ್ದೆ. ಎರಡು ಸಾವಿರ ವರ್ಷದ ಹಿಂದೆ ಯಾರೋ ಮಾಡಿದರೆ ಅದು ರೂಢಿ, ಕಾತ್ರಜದ ಪಾರವ್ವ ಮಾಡಿದರೆ ಮೋಸವೇನು?

ಬಂದುಬಿಡು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ.

ಪಾರವ್ವ


ಮಂಗಳೂರು
೨೦ ಆಗಸ್ಟ್ ೨೦೨೫

ಅಪ್ಪಾ,

ಈ ಕಾಗದವನ್ನೂ ಪಾರವ್ವ ಟೀಚರೇ ಓದಬೇಕು. ಟೀಚರ್, ನಿಮ್ಮಲ್ಲಿ ಒಂದು ಬೇಡಿಕೆ. ಒಂದು ಶಬ್ದವನ್ನೂ ಬಿಡದೆ ಓದಿ. ನಿಮಗೆ ಕಷ್ಟವಾಗುವ ಸಾಲುಗಳನ್ನೂ ಓದಿ.

ಅಪ್ಪಾ, ಜುಲೈ ಇಪ್ಪತ್ತೆರಡರ ತಾರೀಖು ಹಾಕಿ ನಿಮ್ಮ ಸಹಿಯಿರುವ ಒಂದು ಕಾಗದ ನನಗೆ ಬಂದಿದೆ. ಅದು ನೀವು ಬರೆಸಿದ ಕಾಗದವಲ್ಲ. ನೀವು ಹರಿಯಲು ಹೇಳಿದ ಕಾಗದಗಳ ತುಂಡುಗಳನ್ನು ಟೀಚರ್ ಜೋಡಿಸಿದ್ದಾರೆ. ಕೊನೆಯಲ್ಲಿ "ಬಾ" ಎಂದಿದೆ. ನೀವು ಹೇಳಿದ್ದು "ಬರಬೇಡ" ಎಂದು ನನಗೆ ಈಗ ಗೊತ್ತಾಗಿದೆ.

ಟೀಚರ್ ನನ್ನನ್ನು ಒಂದು ಪ್ರಶ್ನೆ ಕೇಳಿದರು. ನಾಲ್ಕೈದು ದಿನ ಅದು ನನ್ನ ನಿದ್ದೆ ಕೆಡಿಸಿತು. ತರಗತಿಯಲ್ಲಿ ನಿಂತು, ಇನ್ನೊಬ್ಬರ ಹೆಸರಿನಲ್ಲಿ ಬರೆಯುವುದು ತಪ್ಪಲ್ಲ ಎಂದು ಹೇಳುವುದು ಬಹಳ ಸುಲಭ. ನನ್ನ ಅಪ್ಪನ ಹೆಸರಿನಲ್ಲಿ ಬಂದ ಕಾಗದವನ್ನು ಹಿಡಿದು ಕೂತಾಗ ಸುಲಭವಾಗಲಿಲ್ಲ. ನನಗೆ ಸಿಟ್ಟು ಬಂತು. ಮೋಸಹೋದೆ ಅನ್ನಿಸಿತು. ಆ ಭಾನುವಾರ ನಿಮಗೂ ಹೀಗೇ ಆಯಿತೇನೋ. ಆದ್ದರಿಂದ ನಿಮ್ಮ ಸಿಟ್ಟು ನನಗೆ ಮೊದಲ ಸಲ ಅರ್ಥವಾಗಿದೆ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಟೀಚರನ್ನು ಬೈಯಬೇಡಿ. ಅವರು ಪ್ರೀತಿಯಿಂದ ಮಾಡಿದ್ದಾರೆ. ಆದರೆ ಅವರ "ಬಾ" ಎನ್ನುವ ಮಾತಿಗೆ ನಾನು ಬರಲಾರೆ. ಬಾಗಿಲು ತೆಗೆದಾಗ ನಿಮ್ಮ ಮುಖದಲ್ಲಿ ಏನು ಕಾಣುತ್ತದೋ ಎಂಬ ಹೆದರಿಕೆಯನ್ನು ಹೊತ್ತು ಹದಿನೈದು ತಾಸು ಬಸ್ಸಿನಲ್ಲಿ ಕೂರಲಾರೆ. ಬರಬೇಡ ಎಂದರೆ ಬರಬೇಡ ಎಂದೇ ಬರೆಸಿ. ನಿಮ್ಮ ಮಾತು ನಿಮ್ಮದೇ ಆಗಿರಲಿ.

ಸ್ನೇಹಲ್


ಕಾತ್ರಜ
೧೨ ಸೆಪ್ಟೆಂಬರ್ ೨೦೨೫

ಸ್ನೇಹಲ್,

ಓದಿದೆ. ಒಂದು ಶಬ್ದ ಬಿಡದೆ ಓದಿದೆ. ನನ್ನ ಮರಣದಂಡನೆಯನ್ನು ನನ್ನ ಬಾಯಿಂದಲೇ ಓದಿಸಿದೆ, ನಿನ್ನ ವಿದ್ಯೆಗೆ ಶರಣು.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನನ್ನ ಹೆಸರಲೆ ನೀವು ಬರದ್ರೀ?" ಎಂದರು. ಹೌದ್ರಿ ಎಂದೆ. "ನಾ ಹೇಳಲಾರದ್ದು ಬರದ್ರೀ?" ಎಂದರು. ಹೌದ್ರಿ, ತಪ್ಪಾಯ್ತು ಎಂದೆ. "ಇಲ್ಲ, ನೀವು ಈಗ ಮನೀಗೆ ಹೋಗ್ರಿ" ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಯಾಕೆ ಹೆದರಿದರೋ ನನಗೆ ತಿಳಿಯಲಿಲ್ಲ.

ಅದಾಗಿ ಹದಿನೈದು ದಿನ. ನನ್ನನ್ನು ಕರೆದಿಲ್ಲ. ಪೇಪರು ಬಾಗಿಲಲ್ಲೇ ಬಿದ್ದಿರುತ್ತದೆ. ನಾನು ಮಾಡಿ ಕಳಿಸಿದ ಪಲ್ಯವನ್ನು ಮಾತ್ರ ತೆಗೆದುಕೊಳ್ಳುತ್ತಾರೆ, ಡಬ್ಬಿ ತೊಳೆದು ಹೊರಗೆ ಇಡುತ್ತಾರೆ.

ಇದನ್ನು ಬರೆಯಲು ಕಾರಣ ಬೇರೆ. ಮೊನ್ನೆ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು. ಕಿಶೋರ ರಿಕ್ಷಾದಲ್ಲಿ ದವಾಖಾನೆಗೆ ಒಯ್ದ. ಬೈಪಾಸ್ ಮಾಡಬೇಕಂತೆ, ಅಕ್ಟೋಬರ್ ಹದಿನಾಲ್ಕಕ್ಕೆ ತಾರೀಖು ಕೊಟ್ಟಿದ್ದಾರೆ. ಎಪ್ಪತ್ತೊಂಬತ್ತು ವಯಸ್ಸು, ಎದೆ ಬಹಳ ಸೋತಿದೆ, ಖಾತ್ರಿ ಹೇಳಲಾರೆವು ಎಂದು ಡಾಕ್ಟರು ಕಿಶೋರನಿಗೆ ಹೇಳಿದರು. "ಮಗಳಿಗೆ ತಿಳಸೂಣೇನ್ರಿ?" ಎಂದು ಅವನು ಕೇಳಿದರೆ ಇವರು, "ಆಕಿಗೆ ಪರೀಕ್ಷಾ ಇರ್ತಾವ, ಹೇಳಬ್ಯಾಡ" ಎಂದರಂತೆ. ಪರೀಕ್ಷೆ ಬರೆಯುವ ವಯಸ್ಸೇ ನಿನ್ನದು? ತಲೆ ಎಲ್ಲೋ ಹೋಗಿತ್ತು ಎಂದು ಕಿಶೋರ ಅಂದ.

ನಾನು ಇನ್ನು ಯಾರ ಹೆಸರಿನಲ್ಲೂ ಬರೆಯುವುದಿಲ್ಲ. ಇದು ನನ್ನ ಹೆಸರಿನಲ್ಲಿ ಬರೆದದ್ದು. ನಿಮ್ಮಿಬ್ಬರ ಹಟ ನಿಮ್ಮಿಬ್ಬರಿಗೇ ಇರಲಿ, ಹದಿನಾಲ್ಕನೆಯ ತಾರೀಖು ಮಾತ್ರ ಯಾರ ಹಟಕ್ಕೂ ಕಾಯುವುದಿಲ್ಲ.

ಪಾರವ್ವ


ಕಾತ್ರಜ, ಪುಣೆ
೨೭ ಸೆಪ್ಟೆಂಬರ್ ೨೦೨೫

ದೇವಪುತ್ರಪ್ಪನಿಂದ ಮಗಳು ಸ್ನೇಹಲ್‌ಗೆ. ದೇವರಿಗೆ ಸ್ತೋತ್ರ.

ಇದನ್ನು ಬರೆಯುತ್ತಿರುವವರು ಪಾರವ್ವ ಟೀಚರೇ. ನಾನೇ ಬಾಗಿಲು ತಟ್ಟಿ ಕರೆದೆ. ಕಿಶೋರ ಪಕ್ಕದಲ್ಲಿ ಕೂತಿದ್ದಾನೆ. ಒಂದೊಂದು ಸಾಲು ಬರೆದಾದ ಮೇಲೆ ಅವನು ನನಗೆ ಓದಿ ಹೇಳುತ್ತಾನೆ. ಇಷ್ಟು ಕಾವಲು ಯಾಕೆಂದರೆ ಇವತ್ತು ನಾನು ಹೇಳುವುದರಲ್ಲಿ ಹೆಚ್ಚು ಕಡಿಮೆ ಆಗಬಾರದು.

ಪೌಲ ತಾನೇ ಬರೆಯುತ್ತಿರಲಿಲ್ಲ, ಹೇಳಿ ಬರೆಸುತ್ತಿದ್ದ ಎಂದು ನೀನು ಆ ದಿನ ಪ್ರಸಂಗದಲ್ಲಿ ಹೇಳಿದೆ. ರೋಮಾಪುರದವರಿಗೆ ಬರೆದುಕೊಟ್ಟ ತೆರ್ತ್ಯ ಕೊನೆಯಲ್ಲಿ ತನ್ನದೂ ಒಂದು ವಂದನೆ ಸೇರಿಸಿದ್ದಾನೆ ಎಂದಾಗ ಸಭೆ ನಕ್ಕಿತು, ನಾನೂ ನಕ್ಕೆ. ಅಲ್ಲಿಯವರೆಗೆ ನನ್ನ ಮಗಳು ಎಂದು ಹಿಗ್ಗುತ್ತಲೇ ಇದ್ದೆ. ಆಮೇಲೆ ನೀನು, ತೀರಿಹೋದವರ ಹೆಸರಿನಲ್ಲಿ ಅವರು ಆಡದ ಮಾತನ್ನು ಬರೆದರು ಎಂದೆ. ಬರೆಯುತ್ತಾ ನಿನಗೆ ಸಮಾಧಿಯ ಕಲ್ಲು ಹೊಳೆಯಲೇ ಇಲ್ಲ ಎಂದು ಕಾಗದದಲ್ಲಿ ಹೇಳಿದ್ದೀ. ಈಗ ನಂಬುತ್ತೇನೆ. ಆ ದಿನ ನಂಬಲಿಲ್ಲ. ನಿನಗೆ ಯಾರೋ ಎಲ್ಲ ಹೇಳಿಬಿಟ್ಟಿದ್ದಾರೆ, ಪೌಲನ ನೆಪ ಮಾಡಿ ಮಂದಿಯ ಮುಂದೆ ನನ್ನನ್ನೇ ಕಳ್ಳನೆಂದು ತೋರಿಸುತ್ತಿದ್ದಾಳೆ ಎಂದುಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನು.

ತಿಮೊಥೆಯನ ಪತ್ರಿಕೆ ಯಾರದು ಎಂಬುದರಲ್ಲಿ ನಿನ್ನ ಮಾತು ನಾನು ಈಗಲೂ ಒಪ್ಪಿಲ್ಲ. ಆ ಜಗಳ ಬೇರೆ.

ನಿಮ್ಮವ್ವ ಆ ವಚನವನ್ನು ಹೇಳಲಿಲ್ಲ, ಮಗಾ. ಯಾವ ವಚನವನ್ನೂ ಹೇಳಲಿಲ್ಲ. ಮಣ್ಣು ಕೊಡುವ ದಿನ ಸಭೆಯವರೆಲ್ಲ ನನ್ನ ಬಾಯಿ ನೋಡುತ್ತಾ ನಿಂತಿದ್ದರು. ಸಭಾಪಾಲಕನ ಹೆಂಡತಿ ಹೇಗೆ ಹೋದಳು ಎಂದು ಅವರಿಗೆ ಕೇಳಬೇಕಿತ್ತು. ನನಗೆ ಆ ಸಾಲು ಬಾಯಿಗೆ ಬಂತು. ಅವಳು ಹೇಳಿದಳು ಎಂದೆ. ಒಮ್ಮೆ ಹೇಳಿದ ಮೇಲೆ ಕಲ್ಲಿನ ಮೇಲೂ ಕೆತ್ತಿಸಬೇಕಾಯಿತು. ಹನ್ನೆರಡು ವರ್ಷ ಪ್ರತಿ ಈಸ್ಟರಿಗೆ ಆ ಕಲ್ಲನ್ನು ತೊಳೆದಿದ್ದೇನೆ. ತೊಳೆಯುವಾಗಲೆಲ್ಲ ಅವಳ ಮುಂದೆ ನಾಚಿಕೆಯಾಗುತ್ತಿತ್ತು.

ಅವಳು ಹೇಳಿದ್ದು ಬೇರೆ. ನಿನಗೆ ಆಗ ಕಾಲೇಜಿನ ಕೊನೆಯ ಪರೀಕ್ಷೆ. ಅವ್ವ ಹೋಗುವ ಹಾಗಿದ್ದಾಳೆ ಎಂದು ಹೇಳಿದರೆ ಪರೀಕ್ಷೆ ಬಿಟ್ಟು ಬರುತ್ತೀ ಎಂದು ನಾನೇ ಎಲ್ಲರ ಬಾಯಿ ಕಟ್ಟಿಸಿದ್ದೆ. ಇನ್ನೂ ಎಂಟು ದಿನವಾದರೂ ಇರುತ್ತಾಳೆ ಎಂದು ಡಾಕ್ಟರ ಮಾತು ನಂಬಿದ್ದೆ. ಕೊನೆಯ ದಿನ ಬೆಳಿಗ್ಗೆಯಿಂದ ಅವಳು ಒಂದೇ ಕೇಳಿದಳು. "ಸ್ನೇಹಲ್ ಬಂದ್ಲೇನ್ರಿ?" ನಾನು ಬರ್ತಾಳ, ದಾರ್‍ಯಾಗ ಅದಾಳ ಎನ್ನುತ್ತಲೇ ಇದ್ದೆ. ಸಂಜೆ ಅವಳ ಕಣ್ಣು ಕಾಣುವುದು ನಿಂತಿತು. ಇನ್ನೊಮ್ಮೆ ಕೇಳಿದಳು.

"ಬಂದಾಳ, ಇಲ್ಲೇ ಅದಾಳ" ಎಂದೆ.

ಅವಳು ಕೈ ಚಾಚಿದಳು. ಇಲ್ಲಿ ಟೀಚರ್ ಪೆನ್ನು ಇಟ್ಟು ಕೂತರು, ಬರೀರಿ ಎಂದು ನಾನೇ ಹೇಳಿದೆ. ಚಾಚಿದ ಕೈಯನ್ನು ನಾನು ಹಿಡಿದುಕೊಂಡೆ. ಏನೂ ಮಾತಾಡಲಿಲ್ಲ, ಮಾತಾಡಿದರೆ ನನ್ನ ದನಿ ತಿಳಿಯುತ್ತಿತ್ತು. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಸವರಿದಳು. ನಿನ್ನ ಕೈ ಎಂದುಕೊಂಡೇ ಹೋದಳು.

ಹದಿನಾಲ್ಕಕ್ಕಿಂತ ಮೊದಲು ಬಾ. ಇದನ್ನು ಹೇಳಿದವನು ನಾನೇ, ಕಿಶೋರ ಸಾಕ್ಷಿ.

ನಿನ್ನ ಅಪ್ಪ